ತನ್ನ ಹೃದಯಕ್ಕೆ ತಾನೇ ಕೊಳವೆ ತೂರಿಸಿಕೊಂಡ ವೈದ್ಯ: ಫಾರ್ವರ್ಡ್ ಸಂದೇಶ ಹೇಳದೆ ಬಿಟ್ಟ ನಾಯಿಗಳ ಕಥೆ

ಜರ್ಮನಿಯ ಒಬ್ಬ ಯುವ ವೈದ್ಯ ತನ್ನ ತೋಳಿನ ರಕ್ತನಾಳಕ್ಕೆ ಕೊಳವೆ ತೂರಿಸಿ ಅದನ್ನು ಹೃದಯದವರೆಗೆ ತಳ್ಳಿಕೊಂಡ. ಆಸ್ಪತ್ರೆಯವರು ಹುಚ್ಚನೆಂದು ಅವತ್ತೇ ಕೆಲಸದಿಂದ ಕಿತ್ತುಹಾಕಿದರು. ಕೊನೆಗೆ ಅದೇ ಕೆಲಸಕ್ಕೆ ನೊಬೆಲ್ ಬಂತು. ಇವತ್ತಿನ ಆಂಜಿಯೋಗ್ರಾಂ, ಸ್ಟೆಂಟ್ ಎಲ್ಲವೂ ಅವನದೇ ಕೊಡುಗೆ. ಈ ಧಾಟಿಯ ಸಂದೇಶ ನಿಮ್ಮ ಫೋನಿಗೂ ಬಂದಿರಬಹುದು. ಲೋಕ ಏನೇ ಅಂದರೂ ನಿಮ್ಮನ್ನು ನೀವು ನಂಬಬೇಕು ಎಂಬ ಬುದ್ಧಿಮಾತೂ ಅದರ ಕೊನೆಗೆ ಸೇರಿಕೊಂಡಿರುತ್ತದೆ.

ಈ ಕಥೆಯ ಮೂಲ ಘಟನೆ ನಿಜ. ಆ ವೈದ್ಯರ ಹೆಸರು ವರ್ನರ್ ಫೋರ್ಸ್‌ಮನ್. ಕೆಲಸ ಹೋದ ಬಗೆ ಮತ್ತು ಆಂಜಿಯೋಗ್ರಾಂ ಹುಟ್ಟಿದ ಬಗೆ ಮಾತ್ರ ಸಂದೇಶದಲ್ಲಿ ಇರುವಂತಿಲ್ಲ. ಇನ್ನು ಒಂದು ಭಾಗವನ್ನು ಅದು ಪೂರ್ತಿ ಬಿಟ್ಟೇಬಿಟ್ಟಿದೆ. ಜೀವಂತ ಹೃದಯದ ಬಲಭಾಗ ಮತ್ತು ಅಲ್ಲಿಂದ ಶ್ವಾಸಕೋಶಕ್ಕೆ ಹೋಗುವ ರಕ್ತನಾಳವನ್ನು ಫೋರ್ಸ್‌ಮನ್ ಎಕ್ಸ್‌ರೇ ಚಿತ್ರದಲ್ಲಿ ತೋರಿಸಿದ್ದು ನಾಯಿಗಳಲ್ಲಿ. ಇವತ್ತು ನಾಯಿಗಳಿಗೇ ಸಿ.ಟಿ. ಸ್ಕ್ಯಾನ್ ಮಾಡಿ ಅದೇ ರಕ್ತನಾಳಗಳನ್ನು ಅಳೆಯುತ್ತಾರೆ. ಆ ದಾರಿಯನ್ನು ಮೊದಲಿನಿಂದ ನೋಡೋಣ.

ಕುದುರೆಯ ಚಿತ್ರದಿಂದ ಹುಟ್ಟಿದ ಯೋಚನೆ

ಫೋರ್ಸ್‌ಮನ್ ಹುಟ್ಟಿದ್ದು 1904ರ ಆಗಸ್ಟ್ 29ರಂದು, ಬರ್ಲಿನ್‌ನಲ್ಲಿ. ಮೊದಲ ಮಹಾಯುದ್ಧದಲ್ಲಿ ತಂದೆ ತೀರಿಕೊಂಡರು. 1922ರಲ್ಲಿ ಬರ್ಲಿನ್ ವಿಶ್ವವಿದ್ಯಾಲಯದಲ್ಲಿ ವೈದ್ಯಕೀಯ ಓದಲು ಸೇರಿದರು. ಓದು ಮುಗಿದ ಮೇಲೆ, 1929ರಲ್ಲಿ, ಬರ್ಲಿನ್‌ಗೆ ಸಮೀಪದ ಎಬರ್ಸ್‌ವಾಲ್ಡ್ ಎಂಬ ಸಣ್ಣ ಊರಿನ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಯ ತರಬೇತಿಗೆ ನಿಂತರು.

ಆಗಿನ ಕಾಲದಲ್ಲಿ ಹೃದಯವನ್ನು ಮುಟ್ಟಲು ವೈದ್ಯರು ಹೆದರುತ್ತಿದ್ದರು. ಹೃದಯ ನಿಂತುಹೋಗುವ ಸ್ಥಿತಿಗೆ ಬಂದ ರೋಗಿಗೆ ಎದೆಯ ಮೂಲಕ ನೇರವಾಗಿ ಸೂಜಿ ಚುಚ್ಚಿ ಔಷಧಿ ಕೊಡುವುದಿತ್ತು. ಸೂಜಿ ತಪ್ಪಿದರೆ ಹೃದಯದ ಮೇಲಿನ ರಕ್ತನಾಳವೋ ಶ್ವಾಸಕೋಶವೋ ಗಾಯವಾಗಿ ಒಳಗೇ ರಕ್ತ ಸೋರುವ ಅಪಾಯವಿತ್ತು. ಔಷಧಿಯನ್ನು ಹೃದಯಕ್ಕೆ ತಲುಪಿಸಲು ಇದಕ್ಕಿಂತ ಸುರಕ್ಷಿತ ದಾರಿ ಇರಲಾರದೇ ಎಂಬುದು ಫೋರ್ಸ್‌ಮನ್‌ರನ್ನು ಕಾಡುತ್ತಿದ್ದ ಪ್ರಶ್ನೆ.

ಉತ್ತರದ ಸುಳಿವು ಸಿಕ್ಕಿದ್ದು ಒಂದು ಪುಸ್ತಕದ ಚಿತ್ರದಲ್ಲಿ. ಶೋವೋ ಮತ್ತು ಮಾರೆ ಎಂಬ ಇಬ್ಬರು ಫ್ರೆಂಚ್ ವಿಜ್ಞಾನಿಗಳು 1861ರ ಹೊತ್ತಿಗೇ ಕುದುರೆಯ ಕುತ್ತಿಗೆಯ ರಕ್ತನಾಳದಿಂದ ಹೃದಯಕ್ಕೆ ಕೊಳವೆ ಇಳಿಸಿ ಒಳಗಿನ ಒತ್ತಡ ಅಳೆದಿದ್ದರು. ಕುದುರೆ ಸತ್ತಿರಲಿಲ್ಲ. ಕುದುರೆಗೆ ಆಗುವುದು ಮನುಷ್ಯನಿಗೆ ಏಕಾಗದು ಎಂದು ಫೋರ್ಸ್‌ಮನ್ ಯೋಚಿಸಿದರು. ಕುತ್ತಿಗೆಯ ಬದಲು ಮೊಣಕೈ ಮಡಿಕೆಯ ನಾಳವನ್ನು ಆರಿಸಿಕೊಂಡರು. ರಕ್ತಪರೀಕ್ಷೆಗೆ ನಮ್ಮಿಂದ ರಕ್ತ ತೆಗೆಯುವುದೂ ಅಲ್ಲಿಂದಲೇ.

ಇದು ಏಕೆ ಸಾಧ್ಯ ಎಂದರೆ, ದೇಹದ ಅಭಿಧಮನಿಗಳೆಲ್ಲ ಹಳ್ಳಗಳು ಹೊಳೆ ಸೇರುವ ಹಾಗೆ ಒಂದಕ್ಕೊಂದು ಕೂಡಿಕೊಂಡು ಹೃದಯದ ಬಲಭಾಗಕ್ಕೆ ಬಂದು ಸೇರುತ್ತವೆ. ಆ ಹರಿವಿನ ದಿಕ್ಕಿನಲ್ಲೇ ಮೆದುವಾದ ಕೊಳವೆಯನ್ನು ತಳ್ಳುತ್ತಾ ಹೋದರೆ ಅದು ತಲುಪಬೇಕಾದ್ದು ಹೃದಯವನ್ನೇ.

ಟೇಬಲ್ಲಿಗೆ ಕಟ್ಟಿದ ನರ್ಸ್, ಕನ್ನಡಿಯಲ್ಲಿ ಕಂಡ ಕೊಳವೆ

ಹಿರಿಯ ವೈದ್ಯ ರಿಚರ್ಡ್ ಷ್ನೈಡರ್ ಪ್ರಯೋಗಕ್ಕೆ ಒಪ್ಪಲಿಲ್ಲ. ಫೋರ್ಸ್‌ಮನ್ ಕೇಳಲಿಲ್ಲ. ಶುದ್ಧಗೊಳಿಸಿದ ಉಪಕರಣಗಳು ಗೆರ್ಡಾ ಡಿಟ್ಜೆನ್ ಎಂಬ ನರ್ಸ್ ವಶದಲ್ಲಿದ್ದವು. ಅವರಿಗೆ ಪ್ರಯೋಗದ ಬಗ್ಗೆ ವಿವರಿಸಿ ಒಪ್ಪಿಸಿದರು. ಡಿಟ್ಜೆನ್ ತಮ್ಮ ಮೇಲೆಯೇ ಪ್ರಯೋಗ ಮಾಡಿ ಎಂದು ಮುಂದೆ ಬಂದರು. ಫೋರ್ಸ್‌ಮನ್ ಅವರನ್ನು ಟೇಬಲ್ ಮೇಲೆ ಮಲಗಿಸಿ ಕೈಕಾಲು ಕಟ್ಟಿದರು. ಅವರ ತೋಳಿಗೆ ಮದ್ದು ಸವರುವ ನಾಟಕವಾಡುತ್ತಲೇ, ಅವರಿಗೆ ಕಾಣದಂತೆ ತಮ್ಮ ಎಡತೋಳನ್ನು ಮರಗಟ್ಟಿಸಿ, ಕೊಯ್ದು, ಕೊಳವೆ ತೂರಿಸಿಕೊಂಡರು. ಅದು ಮೂತ್ರನಾಳಕ್ಕೆ ಹಾಕುವ 65 ಸೆಂಟಿಮೀಟರ್ ಉದ್ದದ ಕ್ಯಾಥೆಟರ್.

ಕಟ್ಟು ಬಿಚ್ಚಿಸಿಕೊಂಡ ಡಿಟ್ಜೆನ್‌ಗೆ ಮೋಸ ಗೊತ್ತಾಯಿತು. ಆದರೂ ಜೊತೆಗೇ ನಡೆದರು. ಇಬ್ಬರೂ ಮೆಟ್ಟಿಲಿಳಿದು ಎಕ್ಸ್‌ರೇ ಕೋಣೆಗೆ ಹೋದರು. ಎಕ್ಸ್‌ರೇ ಪರದೆಯ ಎದುರು ಕನ್ನಡಿ ಹಿಡಿಸಿ, ಅದರಲ್ಲಿ ನೋಡಿಕೊಳ್ಳುತ್ತಾ ಫೋರ್ಸ್‌ಮನ್ ಕೊಳವೆಯನ್ನು ಮುಂದೆ ತಳ್ಳಿದರು. ಸಹೋದ್ಯೋಗಿ ಪೀಟರ್ ರೋಮೈಸ್ ಓಡಿ ಬಂದು ಅದನ್ನು ಎಳೆದು ತೆಗೆಯಲು ನೋಡಿದರು. ಫೋರ್ಸ್‌ಮನ್ ಬಿಡಲಿಲ್ಲ. ಕೊಳವೆಯ ತುದಿ ಹೃದಯದ ಬಲ ಮೇಲ್ಕೋಣೆಯಲ್ಲಿರುವ ಎಕ್ಸ್‌ರೇ ಚಿತ್ರ ತೆಗೆಸಿಕೊಂಡ ಮೇಲೆಯೇ ಅದನ್ನು ಹೊರಗೆಳೆದರು.

ಇಲ್ಲಿ ನಾವು ಒಂದು ವಿಷಯ ಗಮನಿಸಬೇಕು. 1929ರ ನವೆಂಬರ್‌ನಲ್ಲಿ ಜರ್ಮನ್ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಅವರು ಪ್ರಕಟಿಸಿದ ಲೇಖನದಲ್ಲಿ ನರ್ಸ್ ಪ್ರಸಂಗ ಇಲ್ಲ. ಮೊದಲು ಶವದಲ್ಲಿ ಪರೀಕ್ಷಿಸಿದ್ದು, ಸಹೋದ್ಯೋಗಿಯ ನೆರವಿನಿಂದ ಶುರುಮಾಡಿ ಅರ್ಧಕ್ಕೆ ನಿಲ್ಲಿಸಿದ್ದು, ಆಮೇಲೆ ತಾವೊಬ್ಬರೇ ಮಾಡಿಕೊಂಡದ್ದು ಎಂದು ಬೇರೆಯೇ ಕ್ರಮ ಅಲ್ಲಿದೆ. ಟೇಬಲ್ಲಿಗೆ ಕಟ್ಟಿದ ರೋಚಕ ಕಥೆ ನಮಗೆ ಸಿಗುವುದು ಅವರು 1972ರಲ್ಲಿ ಪ್ರಕಟಿಸಿದ ಆತ್ಮಕಥೆಯಿಂದ. ಎರಡೂ ಅವರದೇ ಬರಹ. ಎಕ್ಸ್‌ರೇ ಚಿತ್ರವಂತೂ ಇದೆ, ಆದ್ದರಿಂದ ಮುಖ್ಯ ಘಟನೆ ನಡೆದದ್ದರಲ್ಲಿ ಅನುಮಾನವಿಲ್ಲ. ಆದರೆ ಫಾರ್ವರ್ಡ್‌ಗಳು ಹೆಚ್ಚು ಸ್ವಾರಸ್ಯವಾದದ್ದನ್ನೇ ಆರಿಸಿಕೊಳ್ಳುತ್ತವೆ ಎಂಬುದಕ್ಕೆ ಇದೊಂದು ಉದಾಹರಣೆ.

ಕೆಲಸ ಹೋದದ್ದು ಯಾವಾಗ?

ಸುದ್ದಿ ತಿಳಿದು ಷ್ನೈಡರ್ ಸಿಟ್ಟಾದರೂ ಎಕ್ಸ್‌ರೇ ನೋಡಿದ ಮೇಲೆ ಅದರ ಬೆಲೆ ಅವರಿಗೆ ಅರ್ಥವಾಯಿತು. ಎಬರ್ಸ್‌ವಾಲ್ಡ್‌ನಲ್ಲಿ ಫೋರ್ಸ್‌ಮನ್‌ರನ್ನು ಯಾರೂ ಅವತ್ತೇ ಹೊರಗೆ ಹಾಕಲಿಲ್ಲ. ಅವರು ಬರ್ಲಿನ್‌ನ ಹೆಸರಾಂತ ಶಾರಿಟೆ ಆಸ್ಪತ್ರೆಯಲ್ಲಿ, ಆ ಕಾಲದ ದೊಡ್ಡ ಸರ್ಜನ್ ಫರ್ಡಿನಾಂಡ್ ಸಾವರ್‌ಬ್ರುಕ್ ಅವರ ಕೈಕೆಳಗೆ ಸೇರಿಕೊಂಡರು. ಲೇಖನ ಪ್ರಕಟವಾಗಿ ಗದ್ದಲವೆದ್ದಾಗ ಜಾಗ ಕಳೆದುಕೊಂಡದ್ದು ಅಲ್ಲಿ. ಅದೂ ಅಲ್ಲದೆ, ಬರ್ಲಿನ್‌ನ ಇನ್ನೊಬ್ಬ ಸರ್ಜನ್ ಅರ್ನ್‌ಸ್ಟ್ ಉಂಗರ್, ತಾವು ಮತ್ತು ಸಂಗಡಿಗರು 1912ರಲ್ಲೇ ಇಂಥದ್ದನ್ನು ಮಾಡಿದ್ದೆವೆಂದು ತಕರಾರು ತೆಗೆದರು. ಆದರೆ ಕೊಳವೆ ಹೃದಯ ತಲುಪಿತ್ತೆಂದು ತೋರಿಸುವ ಎಕ್ಸ್‌ರೇ ಪುರಾವೆ ಅವರ ಬಳಿ ಇರಲಿಲ್ಲ.

ಫೋರ್ಸ್‌ಮನ್ ಎಬರ್ಸ್‌ವಾಲ್ಡ್‌ಗೆ ಹಿಂತಿರುಗಿದರು. ಫಾರ್ವರ್ಡ್‌ನಲ್ಲಿ ಇಲ್ಲದ ಭಾಗ ಶುರುವಾಗುವುದು ಇಲ್ಲಿಂದ.

ಆಲೂಗಡ್ಡೆ ಚೀಲದಲ್ಲಿ ಬಂದ ನಾಯಿ

ಕೊಳವೆ ಹೃದಯಕ್ಕೆ ಹೋಗುತ್ತದೆ ಎಂದಾಯಿತು. ಅದರಿಂದ ಏನು ನೋಡಬಹುದು? ಎಕ್ಸ್‌ರೇ ಚಿತ್ರದಲ್ಲಿ ಮೂಳೆ ಬೆಳ್ಳಗೆ, ಗಾಳಿ ತುಂಬಿದ ಶ್ವಾಸಕೋಶ ಕಪ್ಪಗೆ ಕಾಣುತ್ತದೆ. ಹೃದಯದ ಮಾಂಸ ಮತ್ತು ಅದರೊಳಗಿನ ರಕ್ತ ಎರಡೂ ಹೆಚ್ಚುಕಡಿಮೆ ಒಂದೇ ಬೂದು. ಹಾಗಾಗಿ ಹೃದಯ ಒಂದು ಮುದ್ದೆಯ ನೆರಳಿನಂತೆ ಕಾಣುತ್ತದೆಯೇ ಹೊರತು ಒಳಗಿನ ಕೋಣೆ, ಗೋಡೆ, ಕವಾಟ ಯಾವುದೂ ತಿಳಿಯುವುದಿಲ್ಲ. ಅಯೋಡಿನ್ ಇರುವ ದ್ರವ ಎಕ್ಸ್‌ರೇ ಕಿರಣಗಳನ್ನು ಚೆನ್ನಾಗಿ ತಡೆಯುತ್ತದೆ. ಅದನ್ನು ರಕ್ತಕ್ಕೆ ಬೆರೆಸಿದರೆ ರಕ್ತ ಹರಿದ ಜಾಗವೆಲ್ಲ ಬೆಳ್ಳಗೆ ಎದ್ದು ಕಾಣುತ್ತದೆ. ಆಸ್ಪತ್ರೆಗಳಲ್ಲಿ ನಾವು ಡೈ ಎಂದು ಕರೆಯುವುದು ಇದನ್ನೇ.

ತೋಳಿಗೆ ಚುಚ್ಚಿದ ಡೈ ಹೃದಯ ಮುಟ್ಟುವಷ್ಟರಲ್ಲಿ ರಕ್ತದಲ್ಲಿ ಬೆರೆತು ತೆಳುವಾಗುತ್ತದೆ. ಕೊಳವೆಯ ಮೂಲಕ ಹೃದಯದೊಳಗೇ ಬಿಟ್ಟರೆ ಗಟ್ಟಿಯಾಗಿಯೇ ಉಳಿದು ಅಲ್ಲಿಂದ ಶ್ವಾಸಕೋಶದ ಅಪಧಮನಿಗೆ ಹರಿಯುತ್ತದೆ. ಫೋರ್ಸ್‌ಮನ್ ಇದನ್ನು ಮೊದಲು ಮೊಲಗಳಲ್ಲಿ ಮಾಡಿ ನೋಡಿದರು. ಮೊಲದ ಪುಟ್ಟ ಹೃದಯ ಕೊಳವೆಯನ್ನು ತಾಳಿಕೊಳ್ಳಲಿಲ್ಲ. ಆಮೇಲೆ ನಾಯಿಗಳತ್ತ ತಿರುಗಿದರು.

ನಾಯಿ ಸಾಕಲು ಆಸ್ಪತ್ರೆಯಲ್ಲಿ ಜಾಗವಿರಲಿಲ್ಲ. ಅವರ ಜೀವನ ಬರೆದವರು ಹೇಳುವ ಪ್ರಕಾರ ನಾಯಿಗಳು ಇದ್ದದ್ದು ಅವರ ತಾಯಿಯ ಮನೆಯಲ್ಲಿ. ಅಲ್ಲೇ ಮಾರ್ಫಿನ್ ಚುಚ್ಚಿ ಮಂಪರು ಬರಿಸಿ, ಆಲೂಗಡ್ಡೆ ಚೀಲದಲ್ಲಿ ಹಾಕಿ, ಮೋಟಾರ್ ಸೈಕಲ್ ಮೇಲೆ ಆಸ್ಪತ್ರೆಗೆ ಒಯ್ಯುತ್ತಿದ್ದರು. ಅಲ್ಲಿ ಕೊಳವೆ ಹಾಕಿ, ಡೈ ಬಿಟ್ಟು, ಚಿತ್ರ ತೆಗೆಯುವುದು.

ಆ ಕಷ್ಟ ಎಂಥದ್ದೆಂದು ಊಹಿಸಲು ಹೃದಯದ ವೇಗ ನೆನೆದರೆ ಸಾಕು. ಹೃದಯದ ಬಲಭಾಗದಿಂದ ಶ್ವಾಸಕೋಶಕ್ಕೆ ರಕ್ತ ಸೇರಲು ಒಂದೆರಡು ಬಡಿತ ಸಾಕು. ಡೈ ತಳ್ಳುವ ಕೈ ಮತ್ತು ಎಕ್ಸ್‌ರೇ ಒತ್ತುವ ಕೈ ಕ್ಷಣಮಾತ್ರ ತಪ್ಪಿದರೂ ಬೆಳ್ಳಗಿನ ಗುರುತು ಮಾಯ. ಆದರೂ ಚಿತ್ರಗಳು ಬಂದವು. ಜೀವಂತ ಬಲಹೃದಯದ ಕೋಣೆಗಳು ಮತ್ತು ಶ್ವಾಸಕೋಶದ ಅಪಧಮನಿ ಡೈ ಮೂಲಕ ಹೇಗೆ ಕಾಣುತ್ತವೆ ಎಂಬ ಅವರ ಲೇಖನ 1931ರಲ್ಲಿ ಮ್ಯೂನಿಕ್‌ನ ವೈದ್ಯಕೀಯ ವಾರಪತ್ರಿಕೆಯಲ್ಲಿ ಪ್ರಕಟವಾಯಿತು. ಆ ಕೆಲಸದಲ್ಲಿ ಅವರು ಮತ್ತೆ ತಮ್ಮ ಮೇಲೂ ಡೈ ಪ್ರಯೋಗಿಸಿಕೊಂಡಿದ್ದರು. ಅವರಿಗೆ ದೊಡ್ಡ ತೊಂದರೆಯೇನೂ ಆಗಲಿಲ್ಲ. ಚಿತ್ರ ಮಾತ್ರ ಸ್ಪಷ್ಟವಾಗಿ ಮೂಡಲಿಲ್ಲ. ಸ್ಪಷ್ಟವಾಗಿ ಮೂಡಿದ್ದು ನಾಯಿಗಳಲ್ಲಿ.

ಅದೇ 1931ರಲ್ಲಿ ಪೋರ್ಚುಗಲ್‌ನ ಲಿಸ್ಬನ್‌ನಲ್ಲಿ ಎಗಾಸ್ ಮೊನಿಜ್ ಮತ್ತು ಸಂಗಡಿಗರು ಈ ವಿಧಾನ ಅನುಸರಿಸಿ ಮನುಷ್ಯರ ಶ್ವಾಸಕೋಶದ ರಕ್ತನಾಳಗಳ ಚಿತ್ರ ತೆಗೆದರು. ಫೋರ್ಸ್‌ಮನ್‌ರಿಗೆ ತಮ್ಮ ದೇಶದಲ್ಲಿ ಅಂಥ ಪ್ರೋತ್ಸಾಹ ಸಿಗಲಿಲ್ಲ.

ಸಂದೇಶಗಳು ಮುಟ್ಟದ ವರ್ಷಗಳು

ಅವರು ಹೃದಯದ ಕೆಲಸ ಬಿಟ್ಟು ಮೂತ್ರಕೋಶ, ಮೂತ್ರಪಿಂಡಗಳ ಚಿಕಿತ್ಸೆಯತ್ತ ಹೊರಳಿದರು. 1933ರಲ್ಲಿ ಎಲ್ಸ್‌ಬೆಟ್ ಎಂಬ ವೈದ್ಯೆಯನ್ನು ಮದುವೆಯಾದರು. ಆರು ಮಕ್ಕಳಾದರು.

1932ರಲ್ಲಿ ಫೋರ್ಸ್‌ಮನ್ ನಾಜಿ ಪಕ್ಷಕ್ಕೆ ಸೇರಿದ್ದರು. ಯುದ್ಧ ಮುಗಿಯುವವರೆಗೂ ಅದರ ಸದಸ್ಯರಾಗಿದ್ದರು. ಎರಡನೇ ಮಹಾಯುದ್ಧದಲ್ಲಿ ಸೇನೆಯ ವೈದ್ಯಾಧಿಕಾರಿಯಾಗಿ ದುಡಿದು 1945ರಲ್ಲಿ ಸೆರೆ ಸಿಕ್ಕರು. ಬಿಡುಗಡೆಯಾದ ಮೇಲೆ ನಾಜಿ ಸದಸ್ಯತ್ವದ ಕಾರಣಕ್ಕೆ ಕೆಲಕಾಲ ವೈದ್ಯವೃತ್ತಿ ಮಾಡುವಂತಿರಲಿಲ್ಲ. ಮರ ಕಡಿಯುವ ಕೆಲಸವನ್ನೂ ಮಾಡಿದರು. ಬ್ಲ್ಯಾಕ್ ಫಾರೆಸ್ಟ್ ಪ್ರದೇಶದ ಹಳ್ಳಿಯಲ್ಲಿ ಹೆಂಡತಿ ರೋಗಿಗಳನ್ನು ನೋಡಿಕೊಂಡು ಸಂಸಾರ ನಡೆಸಿದರು. ಮುಂದೆ ಅವರೂ ಜೊತೆಗೂಡಿದರು. 1950ರಿಂದ ಬಾಡ್ ಕ್ರೊಯ್ಟ್ಸ್‌ನಾಖ್ ಎಂಬ ಊರಿನಲ್ಲಿ ಮೂತ್ರರೋಗ ತಜ್ಞರಾಗಿ ಕೆಲಸ ಮಾಡತೊಡಗಿದರು.

ಸ್ಫೂರ್ತಿಯ ಸಂದೇಶಗಳಲ್ಲಿ ಈ ಪುಟ ಇರುವುದಿಲ್ಲ. ಇಟ್ಟರೆ ಕಥೆಯ ಹೊಳಪು ಕುಂದುತ್ತದೆ. ಆದರೆ ಒಬ್ಬ ಮನುಷ್ಯನ ವೈಜ್ಞಾನಿಕ ಸಾಧನೆ ನಿಜವಾಗಿರಲು ಅವನ ಬದುಕೆಲ್ಲ ಆದರ್ಶವಾಗಿರಬೇಕಿಲ್ಲ. ಸಾಧನೆ ಇದೆಯೆಂದು ಉಳಿದದ್ದನ್ನು ಮುಚ್ಚಿಡಬೇಕಾಗಿಯೂ ಇಲ್ಲ. ಎರಡನ್ನೂ ಒಟ್ಟಿಗೆ ತಿಳಿದುಕೊಳ್ಳುವುದೇ ಸರಿ ಎಂದು ನಮಗನಿಸುತ್ತದೆ.

ನೊಬೆಲ್ ಬಂದದ್ದು ಮೂವರಿಗೆ

ಆಂದ್ರೆ ಕೂರ್ನಾಂ ಮತ್ತು ಡಿಕಿನ್ಸನ್ ರಿಚರ್ಡ್ಸ್ ನ್ಯೂಯಾರ್ಕ್‌ನ ಬೆಲ್‌ವ್ಯೂ ಆಸ್ಪತ್ರೆಯಲ್ಲಿ ಶ್ವಾಸಕೋಶ ಮತ್ತು ಹೃದಯದ ಸಂಬಂಧವನ್ನು ಅಳೆಯಲು ಹೊರಟಿದ್ದರು. ಅದಕ್ಕೆ ಬಲಹೃದಯದ ರಕ್ತ ಬೇಕಿತ್ತು. ಫೋರ್ಸ್‌ಮನ್‌ರ ಹಳೆಯ ಲೇಖನದಲ್ಲಿ ಅವರಿಗೆ ದಾರಿ ಕಂಡಿತು. ಪ್ರಾಣಿಗಳಲ್ಲಿ ವರ್ಷಗಟ್ಟಲೆ ಅಭ್ಯಾಸ ಮಾಡಿ, ಕ್ಯಾಥೆಟರ್ ಸುಧಾರಿಸಿ, 1941ರಿಂದ ಮನುಷ್ಯರಲ್ಲಿ ತಾವು ಕಂಡದ್ದನ್ನು ಪ್ರಕಟಿಸತೊಡಗಿದರು. ಹೃದಯ ಎಷ್ಟು ರಕ್ತ ತಳ್ಳುತ್ತದೆ, ಶ್ವಾಸಕೋಶದ ಅಪಧಮನಿಯಲ್ಲಿ ಒತ್ತಡ ಎಷ್ಟು, ಕಾಯಿಲೆಯಲ್ಲಿ ಅದು ಹೇಗೆ ಬದಲಾಗುತ್ತದೆ ಎಂಬುದೆಲ್ಲ ಅಂಕಿಗಳಲ್ಲಿ ಸಿಕ್ಕಿತು.

1956ರ ವೈದ್ಯಕೀಯ ನೊಬೆಲ್ ಈ ಮೂವರಿಗೂ ಹಂಚಿಕೆಯಾಯಿತು. ಎಬರ್ಸ್‌ವಾಲ್ಡ್‌ನ ಪ್ರಯೋಗವಾಗಿ ಆಗ 27 ವರ್ಷ ಕಳೆದಿತ್ತು. ಫಾರ್ವರ್ಡ್ ಹೇಳುವಂತೆ ಇದು ಒಬ್ಬನ ಧೈರ್ಯಕ್ಕೆ ಸಿಕ್ಕ ಬಹುಮಾನ ಎಂದರೆ ಅರ್ಧ ಮಾತ್ರ ಸರಿ. ಒಬ್ಬರ ಹೃದಯಕ್ಕೆ ಒಂದು ಸಲ ಕೊಳವೆ ಹಾಕಿ ಬದುಕಿದರೆ, ಅದು ಸಾಧ್ಯ ಎಂದಷ್ಟೇ ಗೊತ್ತಾಗುತ್ತದೆ. ಎಲ್ಲರಿಗೂ ಸುರಕ್ಷಿತವೇ, ಉಪಯುಕ್ತವೇ ಎಂದು ಗೊತ್ತಾಗಲು ಅನೇಕರಲ್ಲಿ, ಎಚ್ಚರದಿಂದ, ಅಳತೆಯಿಟ್ಟು ನೋಡಬೇಕು. ಒಬ್ಬರಿಗೆ ವಾಸಿಯಾಯಿತೆಂದು ಹರಿದಾಡುವ ಮನೆಮದ್ದಿನ ಸಂದೇಶಗಳಿಗೂ ಇದೇ ಮಾತು ಅನ್ವಯಿಸುತ್ತದೆ.

ಇನ್ನು ಆಂಜಿಯೋ ವಿಷಯ. ಎದೆನೋವು ಬಂದವರಿಗೆ ಕ್ಯಾಥ್‌ಲ್ಯಾಬ್‌ನಲ್ಲಿ ಮಾಡುವ ಆಂಜಿಯೋಗ್ರಾಂನಲ್ಲಿ ಕೊಳವೆ ಹೋಗುವುದು ಮಣಿಕಟ್ಟಿನ ಅಥವಾ ತೊಡೆಸಂದಿನ ಅಪಧಮನಿಯಿಂದ. ನೋಡುವುದು ಹೃದಯದ ಸ್ನಾಯುವಿಗೇ ರಕ್ತ ಕೊಡುವ ನಾಳಗಳನ್ನು. ಅದನ್ನು ಸಾಧಿಸಿದವರು ಅಮೆರಿಕದ ಮೇಸನ್ ಸೋನ್ಸ್, 1958ರಲ್ಲಿ. ಮುಚ್ಚಿದ ನಾಳವನ್ನು ಬಲೂನಿನಿಂದ ಅಗಲಿಸಿದವರು ಆಂಡ್ರಿಯಾಸ್ ಗ್ರುಂಟ್ಸಿಗ್, ಜ್ಯೂರಿಕ್‌ನಲ್ಲಿ, 1977ರಲ್ಲಿ. ಅವರೂ ಮೊದಲು ಪರೀಕ್ಷಿಸಿದ್ದು ನಾಯಿಗಳಲ್ಲೇ. ಫೋರ್ಸ್‌ಮನ್ ಹೋದದ್ದು ಅಭಿಧಮನಿಯಿಂದ, ಹೃದಯದ ಬಲಭಾಗಕ್ಕೆ. ಬಾಗಿಲು ತೆರೆದವರು ಅವರು, ಮನೆ ಕಟ್ಟಿದವರು ಹಲವರು.

ನಾಯಿಗೆ ಮರಳಿ ಬಂದ ಚಿತ್ರ

ಈಗ ನಮ್ಮ ಮನೆಯ ನಾಯಿಯ ಮಾತಿಗೆ ಬರೋಣ. ನಾಯಿಗೂ ಹೃದ್ರೋಗ ಬರುತ್ತದೆ. ವಯಸ್ಸಾದ ಸಣ್ಣ ತಳಿಗಳಲ್ಲಿ ಹೃದಯದ ಎಡಗಡೆಯ ಕವಾಟ ಸವೆದು ಸೋರುವುದು ತುಂಬಾ ಸಾಮಾನ್ಯ. ಆಗ ಶ್ವಾಸಕೋಶದಿಂದ ರಕ್ತ ತರುವ ನಾಳಗಳು ಉಬ್ಬಿಕೊಳ್ಳುತ್ತವೆ. ಕೆಲವು ಮರಿಗಳಿಗೆ, ಹುಟ್ಟಿದ ಮೇಲೆ ಮುಚ್ಚಿಕೊಳ್ಳಬೇಕಾದ ಒಂದು ನಾಳ ಮಹಾಪಧಮನಿಗೂ ಶ್ವಾಸಕೋಶದ ಅಪಧಮನಿಗೂ ನಡುವೆ ತೆರೆದೇ ಉಳಿಯುತ್ತದೆ. ಸೊಳ್ಳೆ ಕಡಿತದಿಂದ ಬರುವ ಹೃದಯದ ಹುಳು ಎಂಬ ಕಾಯಿಲೆಯೂ ಇದೆ. ಈಶಾನ್ಯ ಭಾರತದ ನಾಯಿಗಳಲ್ಲಿ ಇದು ಕಂಡುಬಂದಿದೆ. ಹೆಸರಿನಲ್ಲಿ ಹೃದಯ ಇದ್ದರೂ ದಾರದಂಥ ಈ ಹುಳುಗಳು ಹೆಚ್ಚಾಗಿ ಮನೆ ಮಾಡುವುದು ಶ್ವಾಸಕೋಶದ ಅಪಧಮನಿಗಳಲ್ಲಿ. ಹೆಣ್ಣುಹುಳು 25ರಿಂದ 30 ಸೆಂಟಿಮೀಟರ್ ಉದ್ದ ಬೆಳೆಯುತ್ತದೆ. ನಾಳಗಳು ದಪ್ಪಗಾಗಿ ಅಂಕುಡೊಂಕಾಗುತ್ತವೆ.

ಇವನ್ನು ಪತ್ತೆ ಮಾಡಲು ಪಶುವೈದ್ಯರು ಮೊದಲು ಎದೆಗೆ ಸ್ಟೆತಸ್ಕೋಪ್ ಇಡುತ್ತಾರೆ. ಆಮೇಲೆ ಎಕ್ಸ್‌ರೇ, ಎಕೋ, ಬೇಕಾದ ರಕ್ತಪರೀಕ್ಷೆ. ಹೆಚ್ಚಿನ ನಾಯಿಗಳಿಗೆ ಇಷ್ಟೇ ಸಾಕು. ಆದರೆ ಎಕೋದ ಶಬ್ದ ತರಂಗಗಳು ಗಾಳಿ ತುಂಬಿದ ಜಾಗ ದಾಟಲಾರವು. ಶ್ವಾಸಕೋಶದ ಒಳಕ್ಕೆ ಹೋದ ಕವಲುಗಳಲ್ಲಿ ರಕ್ತ ಹೆಪ್ಪುಗಟ್ಟಿದೆಯೇ, ಒಂದು ನಾಳ ಅಡ್ಡದಾರಿ ಹಿಡಿದು ಅನ್ನನಾಳವನ್ನು ಬಿಗಿದಿದೆಯೇ ಎಂಬುದನ್ನು ನೋಡಲು ಡೈ ಹಾಕಿದ ಸಿ.ಟಿ. ಸ್ಕ್ಯಾನ್ ಬೇಕಾಗುತ್ತದೆ.

ಕೆಲಸ ನಡೆಯುವ ರೀತಿ ಹೀಗೆ. ಉಸಿರು ಬಿಗಿಹಿಡಿ ಎಂದರೆ ನಾಯಿ ಕೇಳುವುದಿಲ್ಲ. ಆದ್ದರಿಂದ ಸಾಮಾನ್ಯವಾಗಿ ಅರಿವಳಿಕೆ ಕೊಟ್ಟು, ಸ್ಕ್ಯಾನ್ ನಡೆಯುವ ಕೆಲವು ಸೆಕೆಂಡ್ ಉಸಿರನ್ನು ತಡೆದು ಹಿಡಿಯುತ್ತಾರೆ. ಮುಂಗಾಲಿನ ಅಭಿಧಮನಿಗೆ ಯಂತ್ರದ ಮೂಲಕ ಡೈ ತಳ್ಳುತ್ತಾರೆ. ನೋಡಬೇಕಾದ ನಾಳಕ್ಕೆ ಡೈ ಬಂದದ್ದನ್ನು ಯಂತ್ರವೇ ಗುರುತಿಸಿ ಸ್ಕ್ಯಾನ್ ಶುರುಮಾಡುತ್ತದೆ. ಹೃದಯದ ಬಡಿತದಿಂದ ಚಿತ್ರ ಮಸುಕಾಗದಿರಲು ಇ.ಸಿ.ಜಿ. ಜೊತೆ ಹೊಂದಿಸಿ, ಪ್ರತಿ ಬಡಿತದ ಒಂದೇ ಹಂತದಲ್ಲಿ ಸಿಕ್ಕ ಮಾಹಿತಿಯನ್ನು ಜೋಡಿಸುತ್ತಾರೆ. ಫೋರ್ಸ್‌ಮನ್ ಕಣ್ಣಳತೆ, ಕೈಯಳತೆಯಲ್ಲಿ ಹಿಡಿಯಲು ಒದ್ದಾಡಿದ ಆ ಕ್ಷಣವನ್ನು ಈಗ ಯಂತ್ರ ಹಿಡಿಯುತ್ತದೆ. ಹೃದಯದವರೆಗೆ ಕೊಳವೆ ಒಯ್ಯುವ ಅಗತ್ಯವೂ ಇಲ್ಲ.

ಆಮೇಲೆ ಅಳತೆ. ಶ್ವಾಸಕೋಶದ ಮುಖ್ಯ ಅಪಧಮನಿಯ ಅಗಲವನ್ನು ಮಹಾಪಧಮನಿಯ ಅಗಲಕ್ಕೆ ಹೋಲಿಸುತ್ತಾರೆ. ಆರೋಗ್ಯವಂತ ನಾಯಿಯಲ್ಲಿ ಇವೆರಡೂ ಹೆಚ್ಚುಕಡಿಮೆ ಸಮ. ಹೋಲಿಕೆಯ ಲೆಕ್ಕ ಏಕೆಂದರೆ, ಪಮೇರಿಯನ್‌ಗೂ ಲ್ಯಾಬ್ರಡಾರ್‌ಗೂ ಒಂದೇ ಸೆಂಟಿಮೀಟರ್ ಅಳತೆ ಹೊಂದುವುದಿಲ್ಲ. ಶ್ವಾಸಕೋಶದ ಅಪಧಮನಿ ಬಹಳ ಅಗಲವಾಗಿದ್ದರೆ ಅಲ್ಲಿನ ರಕ್ತದೊತ್ತಡ ಏರಿರಬಹುದೆಂಬ ಸಂಶಯ ಬರುತ್ತದೆ. ಆದರೆ ಸಿ.ಟಿ. ತೋರಿಸುವುದು ಆಕಾರ, ಒತ್ತಡವನ್ನಲ್ಲ. ಒತ್ತಡವನ್ನು ನಾಯಿಗಳಲ್ಲಿ ಸಾಮಾನ್ಯವಾಗಿ ಡಾಪ್ಲರ್ ಎಕೋದಿಂದ ಅಂದಾಜು ಮಾಡುತ್ತಾರೆ. ಕರಾರುವಾಕ್ಕಾಗಿ ತಿಳಿಯಲು ಇವತ್ತಿಗೂ ಬಲಹೃದಯಕ್ಕೆ ಕ್ಯಾಥೆಟರ್ ಇಳಿಸಬೇಕು, ಮನುಷ್ಯನಾದರೂ ನಾಯಿಯಾದರೂ.

ಕ್ಯಾಥೆಟರ್ ಈಗ ನಾಯಿಗೆ ಚಿಕಿತ್ಸೆಯನ್ನೂ ಒಯ್ಯುತ್ತದೆ. ಶ್ವಾಸಕೋಶದ ಅಪಧಮನಿಯ ಬಾಯಲ್ಲಿರುವ ಕವಾಟ ಹುಟ್ಟಿನಿಂದಲೇ ಕಿರಿದಾಗಿದ್ದರೆ, ಅಭಿಧಮನಿಯಿಂದ ಬಲೂನ್ ಒಯ್ದು ಅದನ್ನು ಅಗಲಿಸುತ್ತಾರೆ. ಮುಚ್ಚದೆ ಉಳಿದ ನಾಳಕ್ಕೆ ಕ್ಯಾಥೆಟರ್ ಮೂಲಕ ಸಣ್ಣ ಲೋಹದ ಬಿರಡೆ ಕೂರಿಸುತ್ತಾರೆ. ಇದಕ್ಕೆಂದೇ ನಾಯಿಗಳ ಅಳತೆಗೆ ತಯಾರಿಸಿದ ಸಾಧನಗಳಿವೆ.

ನಾಯಿ ಸಾಕಿದವರಿಗೆ ನಾಲ್ಕು ಮಾತು

ಡೈ ವಿಷ ಎಂಬ ಮಾತು ನಿಜವಲ್ಲ. ಹೆಚ್ಚಿನ ನಾಯಿಗಳಲ್ಲಿ ಅದು ಮೂತ್ರದ ಮೂಲಕ ಹೊರಟುಹೋಗುತ್ತದೆ. ಅಪರೂಪಕ್ಕೆ ಅಲರ್ಜಿಯಾಗಬಹುದು. ಮೂತ್ರಪಿಂಡ ದುರ್ಬಲವಾಗಿದ್ದರೆ ಎಚ್ಚರ ಬೇಕು. ಹಾಗಾಗಿ ಮೊದಲೇ ರಕ್ತಪರೀಕ್ಷೆ ಮಾಡಿಸಲು ಹೇಳುತ್ತಾರೆ.

ಅರಿವಳಿಕೆ ಕೊಟ್ಟರೆ ಹೃದ್ರೋಗದ ನಾಯಿ ಏಳುವುದೇ ಇಲ್ಲ ಎಂಬುದೂ ಉತ್ಪ್ರೇಕ್ಷೆ. ಅಪಾಯ ಇದ್ದೇ ಇದೆ, ಅದು ಕಾಯಿಲೆಯ ತೀವ್ರತೆಯ ಮೇಲೆ ನಿಂತಿದೆ. ಸ್ಕ್ಯಾನ್‌ನಿಂದ ಚಿಕಿತ್ಸೆ ಏನು ಬದಲಾಗುತ್ತದೆ ಎಂದು ಪಶುವೈದ್ಯರನ್ನು ಕೇಳಿ. ಏನೂ ಬದಲಾಗದಿದ್ದರೆ ಸ್ಕ್ಯಾನ್ ಬೇಕಾಗದೇ ಇರಬಹುದು.

ಮನೆಯಲ್ಲಿ ಯಾವ ಯಂತ್ರವೂ ಇಲ್ಲದೆ ಮಾಡಬಹುದಾದ ಪರೀಕ್ಷೆ ಒಂದಿದೆ. ನಾಯಿ ಗಾಢ ನಿದ್ದೆಯಲ್ಲಿರುವಾಗ ಒಂದು ನಿಮಿಷ ಅದರ ಎದೆ ಎಷ್ಟು ಸಲ ಏರಿಳಿಯುತ್ತದೆ ಎಂದು ಎಣಿಸಿ. 30ಕ್ಕಿಂತ ಹೆಚ್ಚು ಎಂದು ಮತ್ತೆ ಮತ್ತೆ ಕಂಡರೆ, ಅಥವಾ ಕೆಮ್ಮು, ಬೇಗ ಸುಸ್ತು, ಕುಸಿದು ಬೀಳುವುದು ಇದ್ದರೆ ತಡಮಾಡದೆ ತೋರಿಸಿ.

ಫೋರ್ಸ್‌ಮನ್ 1979ರ ಜೂನ್ 1ರಂದು ಹೃದ್ರೋಗದಿಂದ ತೀರಿಕೊಂಡರು. ಅವರ ಪ್ರಯೋಗಕ್ಕೆ ಒಪ್ಪಿಗೆ ಕೊಟ್ಟು ಟೇಬಲ್ಲಿಗೆ ಕಟ್ಟಿಸಿಕೊಂಡ ನರ್ಸ್‌ಗೆ ಒಂದು ಹೆಸರಾದರೂ ಉಳಿದಿದೆ. ಚೀಲದಲ್ಲಿ ಬಂದ ನಾಯಿಗಳಿಗೆ ಅದೂ ಇಲ್ಲ, ಅವುಗಳನ್ನು ಯಾರೂ ಒಪ್ಪಿಗೆ ಕೇಳಲೂ ಇಲ್ಲ. ಮುಂದಿನ ಸಲ ಆ ಸಂದೇಶ ನಿಮ್ಮ ಗುಂಪಿಗೆ ಬಂದರೆ ಅಳಿಸಬೇಕಾಗಿಲ್ಲ. ಕೆಲಸ ಅವತ್ತೇ ಹೋಗಲಿಲ್ಲ, ನೊಬೆಲ್ ಮೂವರದು, ಚಿತ್ರ ಮೊದಲು ಚೆನ್ನಾಗಿ ಮೂಡಿದ್ದು ನಾಯಿಗಳಲ್ಲಿ ಎಂಬ ಮೂರು ತಿದ್ದುಪಡಿ ಸೇರಿಸಿ ಕಳಿಸಿ.